ಕೀವಿ ಬಳ್ಳಿ ಚಪ್ಪರ ತುಂಬಿದೆ, ಒಂದು ಹೂವಿಲ್ಲ. ಇಡುವುದಾ, ಕೀಳುವುದಾ?

ಕುಲಶೇಖರ ಹಿತ್ತಿಲು · ಜನವರಿ 11

ನಮಸ್ಕಾರ. ನಮ್ಮ ಮನೆಯ ಒಂದು ಜಗಳವನ್ನು ನೀವೆಲ್ಲ ಸೇರಿ ತೀರಿಸಿಕೊಡಬೇಕು.

ನಾಲ್ಕು ವರ್ಷದ ಹಿಂದೆ ಮಗಳಿಗೆ ಡೆಂಗ್ಯೂ ಬಂದಿತ್ತು. ನೋಡಲು ಬಂದವರೆಲ್ಲ ಕೀವಿ ಹಣ್ಣು ಹಿಡಿದುಕೊಂಡೇ ಬಂದರು. ಫ್ರಿಜ್ಜಿನಲ್ಲಿ ಹಾಲಿಡಲು ಜಾಗ ಇರಲಿಲ್ಲ. ಹುಷಾರಾದ ಮೇಲೆ ಅವಳು ಒಂದು ಹಣ್ಣಿನ ಬೀಜ ತೊಳೆದು ಐಸ್‌ಕ್ರೀಮ್ ಡಬ್ಬಿಯಲ್ಲಿ ಬಿತ್ತಿದಳು. ಏಳು ಸಸಿ ಬಂತು, ಎರಡು ಉಳಿಯಿತು. ಎರಡನ್ನೂ ಅತ್ತೆಯ ಬಸಳೆ ಚಪ್ಪರದ ಬುಡದಲ್ಲಿ ನೆಟ್ಟೆವು. ಒಂದು ಎರಡನೇ ಮಳೆಗಾಲದಲ್ಲಿ ಬುಡ ಕೊಳೆತು ಹೋಯಿತು. ಇನ್ನೊಂದು ಈಗ ಇಡೀ ಚಪ್ಪರ ಹತ್ತಿದೆ. ಅಂಗೈಗಿಂತ ದೊಡ್ಡ ಎಲೆ, ಕುಡಿಯಲ್ಲಿ ಕೆಂಪು ರೋಮ, ನೋಡಲು ಭಾರೀ ಚಂದ. ಆದರೆ ಇಷ್ಟು ವರ್ಷದಲ್ಲಿ ಒಂದು ಮೊಗ್ಗೂ ಕಂಡಿಲ್ಲ.

ಬಿಸಿಲು ಸಿಗದೆ ಬಸಳೆ ಸೊರಗಿ ಹೋಯಿತು. ಬಸಳೆಯನ್ನೂ ದುಡ್ಡು ಕೊಟ್ಟು ತರುವ ಕಾಲ ಬಂತಲ್ಲ ಎಂದು ಅತ್ತೆಗೆ ಬೇಸರ. ಮಗಳು ಬಳ್ಳಿ ಮುಟ್ಟಲು ಬಿಡುವುದಿಲ್ಲ. ಹಟ್ಟಿಗೊಬ್ಬರ, ನೆಲಗಡಲೆ ಹಿಂಡಿ, ಬೂದಿ ಎಲ್ಲ ಹಾಕಿ ಆಯಿತು. ಇನ್ನೆಂತ ಹಾಕಿದರೆ ಹೂ ಬಿಡುತ್ತದೆ?

ಮಲ್ಪೆ ಗಾಳಿ · ಜನವರಿ 11

ಐಸ್ ಹಾಕಿ ಅಕ್ಕ. ಅದು ಚಳಿ ಊರಿನ ಬಳ್ಳಿ. ನಮ್ಮ ಬಂದರಿನಲ್ಲಿ ಮೀನಿಗೆ ಹಾಕುವ ಐಸ್ ಬೇಕಾದಷ್ಟು ಸಿಗುತ್ತದೆ. ದಿನಾ ಒಂದು ಬುಟ್ಟಿ ಬುಡಕ್ಕೆ ಸುರಿದರೆ ತಾನು ಹಿಮಾಲಯದಲ್ಲಿದ್ದೇನೆ ಅಂತ ಅಂದುಕೊಳ್ಳುತ್ತದೆ.

ಪುತ್ತೂರು ತೋಟದವ · ಜನವರಿ 11

ಐಸಿನ ವಿಷಯ ಗೊತ್ತಿಲ್ಲ. ಹಿಂಡಿ ಮಾತ್ರ ಮೊದಲು ನಿಲ್ಲಿಸಿ ಅಕ್ಕ. ಸಾರಜನಕ ಜಾಸ್ತಿಯಾದರೆ ಯಾವ ಬಳ್ಳಿಯಾದರೂ ಎಲೆಯನ್ನೇ ಬಿಡುತ್ತದೆ. ನೀವು ಎಲೆಗೆ ಗೊಬ್ಬರ ಹಾಕಿ ಹೂ ಕೇಳುತ್ತಿದ್ದೀರಿ.

ಮತ್ತೆ ಒಂದು ಪ್ರಶ್ನೆ. ಬೀಜದ ಗಿಡ ಅಂದಿರಿ. ಕೀವಿಯಲ್ಲಿ ಗಂಡು ಬೇರೆ, ಹೆಣ್ಣು ಬೇರೆ, ಜಾಯಿಕಾಯಿ ಹಾಗೆ. ನಾನು ಅಡಿಕೆಯ ನಡುವೆ ಹತ್ತು ಜಾಯಿಕಾಯಿ ಬೀಜದ ಗಿಡ ಹಾಕಿ ಏಳು ವರ್ಷ ಸಾಕಿದೆ. ಹೂ ಬಂದಾಗ ನೋಡಿದರೆ ಆರು ಗಂಡು! ಆಮೇಲೆ ಅವುಗಳ ತಲೆ ಕತ್ತರಿಸಿ ಹೆಣ್ಣಿನ ಕಡ್ಡಿ ಕಸಿ ಕಟ್ಟಿದ್ದು. ನಿಮ್ಮದು ಗಂಡೋ ಹೆಣ್ಣೋ ಹೂ ಬರುವವರೆಗೆ ಹೇಳಲು ಬರುವುದಿಲ್ಲ. ಹೆಣ್ಣೇ ಆದರೂ ಹತ್ತಿರದಲ್ಲಿ ಗಂಡು ಬೇಕು.

ಮಣಿಪಾಲ ಟೆರೇಸ್ · ಜನವರಿ 12

ಹಿಮಾಚಲದ ಸೋಲನ್ ಪಕ್ಕದ ನೌಣಿಯಲ್ಲಿ ಓದುವಾಗ ಎರಡು ಚಳಿಗಾಲ ಕೀವಿ ತೋಟದಲ್ಲೇ ಕಳೆದಿದ್ದೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ.

ಮಲ್ಪೆಯವರು ತಮಾಷೆಗೆ ಹೇಳಿದ್ದರಲ್ಲೇ ಉತ್ತರ ಉಂಟು. ಕೀವಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುವ ಬಳ್ಳಿ. ಮಲಗಿದಾಗ ಅದರ ಕಣ್ಣುಗಳಿಗೆ, ಅಂದರೆ ಕಡ್ಡಿಯ ಗಿಣ್ಣಿನಲ್ಲಿರುವ ಮೊಗ್ಗುಗಳಿಗೆ, ಇಂತಿಷ್ಟು ಗಂಟೆ ತಂಪು ಸಿಗಬೇಕು. ಸಾಮಾನ್ಯವಾಗಿ 7 ಡಿಗ್ರಿಗಿಂತ ಕೆಳಗಿನ ಗಂಟೆಗಳನ್ನು ಲೆಕ್ಕ ಹಾಕುತ್ತಾರೆ. ಅಂಗಡಿಯಲ್ಲಿ ಸಿಗುವ ಹಸಿರು ಕೀವಿ ಹೆಚ್ಚಾಗಿ ಹೇವರ್ಡ್ ತಳಿ. ಅದಕ್ಕೆ ಸುಮಾರು 700ರಿಂದ 800 ಗಂಟೆ ಬೇಕು. ಆ ಲೆಕ್ಕ ತುಂಬಿದರೆ ಮಾತ್ರ ವಸಂತದಲ್ಲಿ ಹೊಸ ಕುಡಿಯ ಜೊತೆ ಹೂ ಬರುತ್ತದೆ. ತುಂಬದಿದ್ದರೆ ಎಲೆ ಬರುತ್ತದೆ, ಕುಡಿ ಬರುತ್ತದೆ, ಹೂ ಬರುವುದಿಲ್ಲ.

ಈಗ ನಮ್ಮ ಊರು ನೋಡಿ. ಈ ಜನವರಿಯಲ್ಲಿ ಬೆಳಗಿನ ಜಾವ ಕಂಬಳಿ ಹೊದ್ದು "ಎಂತ ಚಳಿ ಮಾರಾಯ" ಅನ್ನುತ್ತೇವಲ್ಲ, ಆಗ ಹೊರಗೆ ಸುಮಾರು 20 ಡಿಗ್ರಿ. ಹಾಗಾಗಿ ಮಂಗಳೂರಿನ ಲೆಕ್ಕ ಸೊನ್ನೆ. ಕಡಿಮೆ ಅಲ್ಲ, ಸೊನ್ನೆಯೇ. ನಿಮ್ಮ ಬಳ್ಳಿ ನಾಲ್ಕು ವರ್ಷದಿಂದ ಒಂದು ದಿನವೂ ಸರಿಯಾಗಿ ಮಲಗಿಲ್ಲ.

ನಾವೇ ಮೊದಲು ಮೋಸ ಹೋದವರೇನಲ್ಲ. ಭಾರತದಲ್ಲಿ ಕೀವಿಯನ್ನು ಮೊದಲು ನೆಟ್ಟದ್ದು ನಮ್ಮ ಬೆಂಗಳೂರಿನ ಲಾಲ್‌ಬಾಗಿನಲ್ಲಿ, ಅಲಂಕಾರದ ಬಳ್ಳಿ ಅಂತ. ಚಳಿ ಸಾಲದೆ ಅಲ್ಲಿ ಹಣ್ಣಾಗಲಿಲ್ಲ. ಆಮೇಲೆ 1963ರಲ್ಲಿ ಶಿಮ್ಲಾದ ಫಾಗ್ಲಿಯಲ್ಲಿ ಏಳು ತಳಿ ನೆಟ್ಟರು. ಅವು ಫಲ ಕೊಡಲು ಶುರು ಮಾಡಿದ್ದು 1969ರಲ್ಲಿ. ಈಗ ಹಿಮಾಚಲ, ಅರುಣಾಚಲದ ಜೀರೋ ಕಣಿವೆ, ಎಲ್ಲ ಕಡೆ ಬೆಳೆಯುತ್ತಾರೆ. ಬೆಂಗಳೂರಿನಲ್ಲೇ ಆಗದ್ದು ಕುಲಶೇಖರದಲ್ಲಿ ಆಗುತ್ತದಾ ಹೇಳಿ?

ಬುಡಕ್ಕೆ ಐಸ್ ಸುರಿದು ಪ್ರಯೋಜನ ಇಲ್ಲ. ತಂಪು ಬೇಕಾದದ್ದು ಮೇಲಿನ ಕಣ್ಣಿಗೆ, ಬೇರಿಗೆ ಅಲ್ಲ.

ಕುಲಶೇಖರ ಹಿತ್ತಿಲು · ಜನವರಿ 12

ಓದಿ ಹೇಳಿದೆ. ಅತ್ತೆ ಗೆದ್ದ ಮುಖ ಮಾಡಿಕೊಂಡು ಒಳಗೆ ಹೋದರು. ಮಗಳು ಒಂದು ಪ್ರಶ್ನೆ ಕೇಳಿದ್ದಾಳೆ: ಚಳಿಯೇ ಸಿಗದಿದ್ದರೆ ಬೀಜ ಹೇಗೆ ಮೊಳೆಯಿತು?

ಮಣಿಪಾಲ ಟೆರೇಸ್ · ಜನವರಿ 12

ಜಾಣ ಪ್ರಶ್ನೆ. ಕೀವಿ ಬೀಜಕ್ಕೂ ತಂಪು ಸಿಕ್ಕರೆ ಚೆನ್ನಾಗಿ ಮೊಳೆಯುತ್ತದೆ. ಆ ಹಣ್ಣು ಮಂಗಳೂರಿಗೆ ಬರುವ ಮೊದಲು ಎಷ್ಟೋ ದಿನ ಕೋಲ್ಡ್ ಸ್ಟೋರೇಜಿನಲ್ಲಿ ಇರುತ್ತದೆ. ಆಮೇಲೆ ನಿಮ್ಮ ಫ್ರಿಜ್ಜು. ಬೀಜದ ಚಳಿಗಾಲ ಅಲ್ಲೇ ಮುಗಿದಿತ್ತು.

ಇನ್ನೊಂದು ಹೇಳಿ ಅವಳಿಗೆ. ಈ ಹಣ್ಣು ಮೂಲದಲ್ಲಿ ಚೀನಾದ್ದು. 1904ರಲ್ಲಿ ನ್ಯೂಜಿಲೆಂಡಿನ ಒಬ್ಬ ಹೆಡ್‌ಮಿಸ್ಟ್ರೆಸ್, ಇಸಬೆಲ್ ಫ್ರೇಸರ್, ಚೀನಾಕ್ಕೆ ಹೋದವರು ಬರುವಾಗ ಬೀಜ ತಂದರು. 1910ರಲ್ಲಿ ಅಲ್ಲಿ ಮೊದಲ ಹಣ್ಣು. ಅಷ್ಟು ದೊಡ್ಡ ವ್ಯಾಪಾರ ಶುರುವಾದದ್ದು ಒಂದು ಹಿಡಿ ಬೀಜದಿಂದ. ಕೀವಿ ಅನ್ನುವ ಹೆಸರು ಕೂಡ ವ್ಯಾಪಾರಕ್ಕೆಂದು 1959ರಲ್ಲಿ ಇಟ್ಟದ್ದು. ಅವಳು ಮಾಡಿದ್ದರಲ್ಲಿ ತಪ್ಪೇನಿಲ್ಲ, ಊರು ಮಾತ್ರ ಬೇರೆ ಆಯಿತು.

ಕಾರ್ಕಳ ಬಂಡೆ · ಜನವರಿ 13

ನಾನು ಒಪ್ಪುವುದಿಲ್ಲ. ಕಡಿಮೆ ಚಳಿ ಸಾಕಾಗುವ ತಳಿ ಉಂಟು. ನಾನೇ ಹೋದ ವರ್ಷ ಆನ್‌ಲೈನಿನಲ್ಲಿ ಜೋಡಿ ತರಿಸಿದ್ದೇನೆ, ಗಂಡು ಒಂದು ಹೆಣ್ಣು ಒಂದು, 1,800 ರೂಪಾಯಿ. ಚಟ್ಟಿಯಲ್ಲೇ ಗೊಂಚಲು ಗೊಂಚಲು ಹಣ್ಣು ಬಿಟ್ಟ ಫೋಟೋ ಹಾಕಿದ್ದರು. ಎಲ್ಲ ಹವೆಗೂ ಆಗುತ್ತದೆ, ಆರು ತಿಂಗಳಲ್ಲಿ ಫಲ ಅಂತ ಬರೆದಿದ್ದರು.

ಪುತ್ತೂರು ತೋಟದವ · ಜನವರಿ 13

ಹೋದ ವರ್ಷ ತರಿಸಿದ್ದು, ಆರು ತಿಂಗಳಲ್ಲಿ ಫಲ. ಹಾಗಾದರೆ ಈಗಾಗಲೇ ಎರಡು ಸಲ ಹಣ್ಣು ತಿಂದಿರಬೇಕಲ್ವಾ ನೀವು?

ಕಾರ್ಕಳ ಬಂಡೆ · ಜನವರಿ 13

ಗಂಡು ಆಟಿ ತಿಂಗಳ ಮಳೆಗೆ ಹೋಯಿತು. ಹೆಣ್ಣು ಉಂಟು. ಹೆಣ್ಣು ಅಂತ ಚೀಟಿ ಇತ್ತು.

ಮಣಿಪಾಲ ಟೆರೇಸ್ · ಜನವರಿ 13

ಕಾರ್ಕಳದ ಅಣ್ಣ ಹೇಳಿದ್ದು ಅರ್ಧ ಸರಿ. ವಿನ್ಸೆಂಟ್ ಅಂತ ಒಂದು ಹೆಣ್ಣು ತಳಿ, ಟೆವಿ ಅಂತ ಅದಕ್ಕೆ ಜೋಡಿ ಗಂಡು. ಕ್ಯಾಲಿಫೋರ್ನಿಯಾದ ಬೆಚ್ಚಗಿನ ಭಾಗದಲ್ಲಿ ಬೆಳೆಸುತ್ತಾರೆ. ಇವಕ್ಕೆ 100ರಿಂದ 200 ಗಂಟೆ ಸಾಕು ಅನ್ನುತ್ತಾರೆ. ಆದರೆ ಅಲ್ಲಿ ಚಳಿಗಾಲದ ರಾತ್ರಿ 7 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಕಾರ್ಕಳದಲ್ಲಿ ಇಳಿಯುವುದಿಲ್ಲ. 800 ಆಗಲಿ 100 ಆಗಲಿ, ನಮ್ಮ ಹತ್ತಿರ ಕೊಡಲು ಏನೂ ಇಲ್ಲದಿದ್ದರೆ ಎರಡೂ ಒಂದೇ ಅಲ್ವಾ?

ಸಣ್ಣ ಚಟ್ಟಿಯ ಗಿಡದಲ್ಲಿ ಗೊಂಚಲು ಹಣ್ಣಿನ ಫೋಟೋ ನೋಡಿದರೆ ನನಗೆ ನಗು ಬರುತ್ತದೆ. ಕೀವಿ ಹತ್ತು ಮೀಟರ್‌ವರೆಗೆ ಹರಡುವ ಬಳ್ಳಿ. ತೋಟದಲ್ಲಿ ಕಬ್ಬಿಣದ ಕಂಬ, ದಪ್ಪ ತಂತಿ ಹಾಕಿ ದ್ರಾಕ್ಷಿಯ ಹಾಗೆ ಚಪ್ಪರ ಕಟ್ಟುತ್ತಾರೆ. ಸುಮಾರು ಎಂಟು ಹೆಣ್ಣಿಗೆ ಒಂದು ಗಂಡು ಇಡುತ್ತಾರೆ. ಹೂವಿನಲ್ಲಿ ಜೇನು ಇಲ್ಲದ್ದರಿಂದ ನೊಣಗಳಿಗೂ ಅಷ್ಟು ಆಸೆ ಇಲ್ಲ. ಹೂ ಬಿಡುವ ಹೊತ್ತಿಗೆ ಜೇನು ಪೆಟ್ಟಿಗೆ ತಂದು ಇಡುವ ತೋಟದವರೂ ಇದ್ದಾರೆ. ಕಸಿ ಗಿಡವಾದರೂ ಮೂರು ನಾಲ್ಕು ವರ್ಷ ಕಾಯಬೇಕು. ಆರು ತಿಂಗಳಂತೆ!

ಕಾರ್ಕಳ ಬಂಡೆ · ಜನವರಿ 14

ವಿಜಯಪುರದ ಕಡೆ ದ್ರಾಕ್ಷಿಗೆ ಕಡ್ಡಿ ಸವರಿದ ಮೇಲೆ ಒಂದು ಔಷಧಿ ಹಚ್ಚುತ್ತಾರೆ, ಎಲ್ಲ ಕಣ್ಣೂ ಒಟ್ಟಿಗೆ ಒಡೆಯುತ್ತದೆ. ಅದನ್ನು ಕೀವಿಗೆ ಹಚ್ಚಿದರೆ ಆಗುವುದಿಲ್ಲವಾ? ಸುಮ್ನೆ ಕೇಳಿದೆ.

ಮಣಿಪಾಲ ಟೆರೇಸ್ · ಜನವರಿ 14

ಅದು ಹೈಡ್ರೋಜನ್ ಸಯನಮೈಡ್. ಕೀವಿ ತೋಟಗಳಲ್ಲೂ ಬಳಸುತ್ತಾರೆ, ನಿಜ. ಆದರೆ ಅದು ಚಳಿ ಸ್ವಲ್ಪ ಕಮ್ಮಿಯಾದ ವರ್ಷ ಆ ಕೊರತೆ ತುಂಬಲು. ಸೊನ್ನೆಯಿಂದ ಚಳಿಗಾಲ ಹುಟ್ಟಿಸುವುದಿಲ್ಲ. ಮತ್ತೆ ಅದು ವಿಷ. ಚರ್ಮ ಸುಡುತ್ತದೆ. ಅದನ್ನು ಹೊಡೆಯುವ ದಿನಗಳಲ್ಲಿ ಒಂದು ಪೆಗ್ ಹಾಕಿದರೂ ಮೈ ಕೆಂಪೇರಿ ಎದೆ ಹೊಡೆದುಕೊಂಡು ಆಸ್ಪತ್ರೆ ಸೇರುವ ಹಾಗೆ ಆಗಬಹುದು. ಮಕ್ಕಳು ಓಡಾಡುವ ಹಿತ್ತಿಲಿಗೆ ಅದು ಬೇಡವೇ ಬೇಡ.

ಮಲ್ಪೆ ಗಾಳಿ · ಜನವರಿ 14

ಹಾಗಾದರೆ ನನ್ನ ಐಸ್ ಪ್ಲಾಂಟೇ ವಾಸಿ. ಒಂದು ಲೆಕ್ಕ ಹೇಳಿ: ವಿನ್ಸೆಂಟನ್ನು ಚಟ್ಟಿ ಸಮೇತ ಬಂಗುಡೆ ಬಾಕ್ಸಿನ ಪಕ್ಕ ಕೋಲ್ಡ್ ರೂಮಿನಲ್ಲಿ ಇಟ್ಟರೆ?

ಮಣಿಪಾಲ ಟೆರೇಸ್ · ಜನವರಿ 15

ಲೆಕ್ಕ ಮಾಡಿದೆ. 200 ಗಂಟೆ ಅಂದರೆ ಎಂಟು ದಿನ ಚಿಲ್ಲರೆ. ಹೇವರ್ಡ್ ಆದರೆ ಒಂದು ತಿಂಗಳು. ಕಾಗದದ ಮೇಲೆ ಆಗುತ್ತದೆ! ಆದರೆ ಹಸಿರೆಲೆ ತುಂಬಿದ ಬಳ್ಳಿಯನ್ನು 30 ಡಿಗ್ರಿಯಿಂದ ತೆಗೆದು 4 ಡಿಗ್ರಿಗೆ ಇಟ್ಟರೆ ಅದು ಮಲಗುವುದಿಲ್ಲ, ಸಾಯುತ್ತದೆ. ಮೊದಲು ವಾರಗಟ್ಟಲೆ ನಿಧಾನಕ್ಕೆ ತಂಪು ಮಾಡಿ ಎಲೆ ಉದುರಿಸಬೇಕು. ಆಮೇಲೆ ಗಂಡು ಹೆಣ್ಣು ಎರಡನ್ನೂ ಒಟ್ಟಿಗೆ ಇಡಬೇಕು, ಇಲ್ಲದಿದ್ದರೆ ಹೂ ಒಂದೇ ಹೊತ್ತಿಗೆ ಬರುವುದಿಲ್ಲ. ಕೊನೆಗೆ ಮೀನಿನ ವಾಸನೆಯ ಎರಡು ಕೀವಿ ಸಿಗಬಹುದು. ಆ ದುಡ್ಡಿನಲ್ಲಿ ಎಷ್ಟು ಡಜನ್ ಬರುತ್ತದೆ ನೀವೇ ನೋಡಿ.

ಕಂಕನಾಡಿ ನೈಟ್‌ಶಿಫ್ಟ್ · ಜನವರಿ 15

ನಡುವೆ ಬಾಯಿ ಹಾಕುತ್ತೇನೆ. ನಾನು ನರ್ಸ್. ಡೆಂಗ್ಯೂ ವಾರ್ಡಿನಲ್ಲಿ ಪ್ರತಿ ಮಂಚದ ಪಕ್ಕ ಕೀವಿ ಬುಟ್ಟಿ ನೋಡಿ ನೋಡಿ ಸಾಕಾಗಿದೆ. ಕೀವಿ ತಿಂದರೆ ಪ್ಲೇಟ್‌ಲೆಟ್ ಏರುತ್ತದೆ ಅನ್ನಲು ಗಟ್ಟಿ ಆಧಾರ ಇಲ್ಲ. ವಿಟಮಿನ್ ಸಿ ಚೆನ್ನಾಗಿದೆ, 100 ಗ್ರಾಂ ಹಣ್ಣಿನಲ್ಲಿ ಸುಮಾರು 90 ಮಿಲಿಗ್ರಾಂ. ತಿನ್ನಲಿ, ತೊಂದರೆ ಇಲ್ಲ. ಆದರೆ ಡೆಂಗ್ಯೂವಿನಲ್ಲಿ ಬೇಕಾದದ್ದು ಗಂಜಿ ತಿಳಿ, ಎಳನೀರು, ಓಆರ್‌ಎಸ್, ಡಾಕ್ಟರ ಕಣ್ಣು. ಪ್ಲೇಟ್‌ಲೆಟ್ ಜ್ವರ ಇಳಿದ ಮೇಲೆ ತಾನಾಗಿ ಏರುತ್ತದೆ, ಹೆಸರು ಕೀವಿಗೆ ಬರುತ್ತದೆ. ಮನೆಯಲ್ಲಿ ಯಾರಿಗಾದರೂ ಬೇಕಾಗಬಹುದು ಅಂತ ಬಳ್ಳಿ ಇಟ್ಟುಕೊಂಡಿದ್ದರೆ ಆ ಆಸೆ ಬಿಡಿ ಅಕ್ಕ.

ಮತ್ತೆ ಕೀವಿ ಮಿಲ್ಕ್‌ಶೇಕ್ ಮಾಡಿದರೆ ಕೂಡಲೇ ಕುಡಿದುಬಿಡಿ. ಅದರಲ್ಲಿ ಹಾಲಿನ ಪ್ರೋಟೀನ್ ಒಡೆಯುವ ಎನ್‌ಜೈಮ್ ಉಂಟು. ಇಟ್ಟರೆ ಕಹಿಯಾಗುತ್ತದೆ. ನಾನು ಇಟ್ಟು ನೋಡಿದ್ದೇನೆ.

ಪುತ್ತೂರು ತೋಟದವ · ಜನವರಿ 16

ಚಳಿಯ ಮಾತೇ ಆಯಿತು, ಮಳೆಯ ಮಾತು ಯಾರೂ ಆಡಲಿಲ್ಲ. ಅಕ್ಕನ ಒಂದು ಗಿಡ, ಕಾರ್ಕಳದವರ ಒಂದು ಗಿಡ, ಎರಡೂ ಹೋದದ್ದು ಮಳೆಗಾಲದಲ್ಲಿ. ಕೀವಿಯ ಬೇರು ಮೆತ್ತಗೆ, ಮೇಲೆಯೇ ಹರಡುತ್ತದೆ, ನೀರು ನಿಂತರೆ ತಡೆಯುವುದಿಲ್ಲ. ಕೊಳೆಸುವುದು ಫೈಟೋಫ್ತೋರಾ ಎಂಬ ರೋಗಾಣುಗಳ ಬಳಗ. ನಮ್ಮ ಅಡಿಕೆಗೆ ಕೊಳೆರೋಗ ತರುವುದು, ಕರಿಮೆಣಸಿನ ಬಳ್ಳಿಯನ್ನು ಒಂದೇ ವಾರದಲ್ಲಿ ಸೊರಗಿಸುವುದು, ಎಲ್ಲ ಅದೇ ಬಳಗದವು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಅವಕ್ಕೆ ಸುಗ್ಗಿ.

ನಿಮ್ಮ ಉಳಿದ ಬಳ್ಳಿ ಬದುಕಿದ್ದೇ ಆಶ್ಚರ್ಯ. ಬುಡ ಎಲ್ಲಿದೆ? ದಿಬ್ಬದ ಮೇಲಾ?

ಕುಲಶೇಖರ ಹಿತ್ತಿಲು · ಜನವರಿ 16

ಹೌದು! ಬಾವಿ ತೋಡುವಾಗ ತೆಗೆದ ಮುರಕಲ್ಲಿನ ಪುಡಿ ರಾಶಿ ಬಿದ್ದಿತ್ತು, ಅದರ ಮೇಲೆಯೇ ನೆಟ್ಟದ್ದು. ಸತ್ತದ್ದು ಆಚೆ ಬದಿಯದ್ದು, ಅಲ್ಲಿ ಪಾತ್ರೆ ತೊಳೆದ ನೀರು ನಿಲ್ಲುತ್ತಿತ್ತು.

ಪುತ್ತೂರು ತೋಟದವ · ಜನವರಿ 16

ಅಷ್ಟೇ. ಇಡುವುದಾದರೆ ಮೇ ತಿಂಗಳಲ್ಲಿ ತುಳುವರ ಪತ್ತನಾಜೆ ದಿನದ ಹೊತ್ತಿಗೆ ಬುಡಕ್ಕೆ ಇನ್ನಷ್ಟು ಮಣ್ಣು ಏರಿಸಿ, ಸುತ್ತ ಕಣಿ ತೆಗೆಯಿರಿ. ಮಳೆಗಾಲದಲ್ಲಿ ತರಗೆಲೆ ಬುಡಕ್ಕೆ ತಾಗಿ ರಾಶಿ ಹಾಕಬೇಡಿ. ಬೇಸಿಗೆಗೆ ಹಾಕಿ, ಆಗ ಅದಕ್ಕೆ ದಿನಾ ನೀರೂ ಬೇಕು. ಅಡಿಕೆಗೆ ಹೊಡೆಯಲು ಮೈಲುತುತ್ತು ಸುಣ್ಣ ಕಲಸುವವರು ಹತ್ತಿರದಲ್ಲಿದ್ದರೆ ಶೇಕಡಾ 1ರ ದ್ರಾವಣ ಒಂದು ಚೊಂಬು ತಂದು ಬುಡ ತೋಯಿಸಿ. ಹಣ್ಣಿಗಾಗಿ ಅಲ್ಲ, ಬಳ್ಳಿ ಉಳಿಯಲು.

ಶಂಕರಪುರ ಮಲ್ಲಿಗೆ · ಜನವರಿ 17

ಎಲ್ಲ ಓದಿದೆ. ನನಗೆ ಅತ್ತೆಯವರ ಪಕ್ಷ. ಹಿತ್ತಿಲಿನಲ್ಲಿ ಬಿಸಿಲು ಬೀಳುವ ಚಪ್ಪರ ಎಷ್ಟು ಇರುತ್ತದೆ? ಒಂದೋ ಎರಡೋ. ಅದು ಚಿನ್ನದಂತಹ ಜಾಗ. ನಮ್ಮಲ್ಲಿ ಹತ್ತು ಮಲ್ಲಿಗೆ ಗಿಡದ ಬಿಸಿಲಿಗೋಸ್ಕರ ಒಂದು ಹಲಸನ್ನೇ ಕಡಿದಿದ್ದೇವೆ. ಮಲ್ಲಿಗೆ ದಿನಾ ದುಡ್ಡು ಕೊಡುತ್ತದೆ, ಬಸಳೆ ವಾರಕ್ಕೊಂದು ಪದಾರ್ಥ ಕೊಡುತ್ತದೆ. ಕೀವಿ ಎಂತ ಕೊಟ್ಟಿತು? ಮಟ್ಟು ಗುಳ್ಳ ಬದನೆ ಇಲ್ಲೇ ನಮ್ಮ ಪಕ್ಕದ್ದು. ಅದನ್ನೇ ಬೇರೆ ಊರಿನಲ್ಲಿ ಹಾಕಿದರೆ ಆ ರುಚಿ ಬರುವುದಿಲ್ಲ. ಅಂಥದ್ದರಲ್ಲಿ ಶಿಮ್ಲಾದ್ದು ಇಲ್ಲಿ?

ಮಗುವಿಗೆ ಬಳ್ಳಿ ಹಣ್ಣೇ ಬೇಕಾದರೆ ಪ್ಯಾಶನ್ ಫ್ರೂಟ್ ಹಾಕಿ. ಹಳದಿಯದ್ದು ನಮ್ಮ ಕರಾವಳಿ ಸೆಕೆಗೆ ಚೆನ್ನಾಗಿ ಬರುತ್ತದೆ. ಒಂದು ವರ್ಷದೊಳಗೆ ಹೂ, ಹಣ್ಣು. ಆದರೆ ಗುಟ್ಟು ಒಂದು ಉಂಟು. ಹಳದಿಯದ್ದು ತನ್ನದೇ ಪರಾಗಕ್ಕೆ ಕಾಯಿ ಕಟ್ಟುವುದಿಲ್ಲ, ಬೇರೆ ಬೇರೆ ಬೀಜದ ಎರಡು ಬಳ್ಳಿ ಬೇಕು. ಒಂದೇ ಬಳ್ಳಿಯ ಕಡ್ಡಿ ಮುರಿದು ಎರಡು ಮಾಡಿದರೆ ಆಗುವುದಿಲ್ಲ. ನಾನು ಹಾಗೆ ಮಾಡಿ ಒಂದು ವರ್ಷ ಕಳೆದುಕೊಂಡೆ. ಹೂ ಅರಳುವುದು ನಡುಮಧ್ಯಾಹ್ನ. ಮರ ಕೊರೆಯುವ ಕಪ್ಪು ದುಂಬಿ ಬಂದರೆ ಅದೇ ಕೆಲಸ ಮಾಡುತ್ತದೆ. ಬಾರದಿದ್ದರೆ ಊಟವಾದ ಮೇಲೆ ಮಗಳು ಒಂದು ಹೂವಿನ ಪುಡಿ ಬೆರಳಿಗೆ ಹಚ್ಚಿ ಇನ್ನೊಂದಕ್ಕೆ ಮುಟ್ಟಿಸಲಿ. ಮಕ್ಕಳಿಗೆ ಆ ಕೆಲಸ ಖುಷಿ.

ಪುತ್ತೂರು ತೋಟದವ · ಜನವರಿ 17

ಒಂದೇ ಬಳ್ಳಿಗೆ ಮಾತ್ರ ಜಾಗ ಇದ್ದರೆ ನೇರಳೆ ಬಣ್ಣದ್ದು ನೋಡಿ, ಅದಕ್ಕೆ ಜೋಡಿ ಬೇಕಾಗಿಲ್ಲ. ಆದರೆ ಅದು ಕೊಡಗಿನ ತಂಪಿಗೆ ಹೇಳಿಸಿದ್ದು. ಕೊಡಗಿನ ಚೆಟ್ಟಳ್ಳಿ ತೋಟಗಾರಿಕೆ ಪ್ರಯೋಗ ಕೇಂದ್ರದವರು ನೇರಳೆ ಮತ್ತು ಹಳದಿ ಸೇರಿಸಿ ಕಾವೇರಿ ಅಂತ ಒಂದು ಮಿಶ್ರತಳಿ ಮಾಡಿದ್ದಾರೆ. ನನ್ನ ಬೇಲಿಯಲ್ಲಿ ಉಂಟು, ತೊಂದರೆ ಕಮ್ಮಿ. ಯಾವುದೇ ಆದರೂ ನಾಲ್ಕೈದು ವರ್ಷಕ್ಕೆ ಬಳ್ಳಿ ಹಳತಾಗುತ್ತದೆ, ಹೊಸದು ನೆಡಬೇಕು.

ಸುರತ್ಕಲ್ ಬೆಕ್ಕಮ್ಮ · ಜನವರಿ 17

ಯಾರೂ ಬೆಕ್ಕಿನ ವಿಷಯ ಹೇಳಲೇ ಇಲ್ಲವಲ್ಲ? ಕೀವಿಯ ಬೇರು ಮತ್ತು ಎಳೆ ಕಾಂಡದ ವಾಸನೆಗೆ ಬೆಕ್ಕುಗಳು ಮರುಳಾಗುತ್ತವೆ. ನನ್ನ ಎರಡು ಸಸಿ ಹಾಗೆಯೇ ಹೋಯಿತು. ಒಂದು ರಾತ್ರಿ ಬಿಟ್ಟದ್ದು, ಬೆಳಿಗ್ಗೆ ಚಟ್ಟಿಯಲ್ಲಿ ಬೆಕ್ಕು ಮಲಗಿತ್ತು, ಸಸಿ ಇರಲಿಲ್ಲ.

ಪುತ್ತೂರು ತೋಟದವ · ಜನವರಿ 17

ಇದು ಹೊಸತು ಮಾರಾಯ್ರೆ. ನಂಬಲು ಕಷ್ಟ.

ಕುಲಶೇಖರ ಹಿತ್ತಿಲು · ಜನವರಿ 19

ಮನೆಯಲ್ಲಿ ಒಂದು ಒಪ್ಪಂದ ಆಯಿತು. ಮಗಳ ಪರೀಕ್ಷೆ ಮುಗಿಯುವವರೆಗೆ ಯಾರೂ ಕತ್ತಿ ಹಿಡಿಯಬಾರದು. ಆಮೇಲೆ ಅವಳೇ ತೀರ್ಮಾನ ಮಾಡುವುದು. ಮಡಿಕೇರಿಯಲ್ಲಿ ನನ್ನ ಅಣ್ಣ ಇದ್ದಾನೆ, ಅಲ್ಲಿಗೆ ಕೊಟ್ಟರೆ ಹಣ್ಣಾಗುತ್ತದಾ ಅಂತ ಕೇಳುತ್ತಿದ್ದಾಳೆ.

ಮಣಿಪಾಲ ಟೆರೇಸ್ · ಜನವರಿ 19

ನಮಗೆ ಅಲ್ಲಿ ಹಲ್ಲು ಕಡಿಯುವ ಚಳಿ, ಆದರೆ ಹೇವರ್ಡ್ ಬೀಜದ ಬಳ್ಳಿಗೆ ಸಾಲುವುದಿಲ್ಲ. ಹಗಲು ಬಿಸಿಲು ಏರಿದಾಗ ರಾತ್ರಿ ಕೂಡಿಟ್ಟ ತಂಪಿನ ಲೆಕ್ಕವೂ ಕರಗುತ್ತದೆ. ಸುಮ್ನೆ ಅಣ್ಣನಿಗೆ ಒಂದು ಕೆಲಸ ಹಚ್ಚಬೇಡಿ.

ಕಾರ್ಕಳ ಬಂಡೆ · ಫೆಬ್ರವರಿ 2

ನನ್ನ ಹೆಣ್ಣು ಕೀವಿಯ ಫೋಟೋ ಕೃಷಿ ಓದಿದ ಅಳಿಯನಿಗೆ ಕಳಿಸಿದೆ. ಅದು ಕೀವಿಯೇ ಅಲ್ಲವಂತೆ. ಎಂತ ಅಂತ ಅವನಿಗೂ ಗೊತ್ತಿಲ್ಲ. ಎಲೆ ಮಾತ್ರ ಚಂದ ಉಂಟು. ಮಾರಿದವರ ನಂಬರ್ ಸ್ವಿಚ್ ಆಫ್.

ಮಲ್ಪೆ ಗಾಳಿ · ಫೆಬ್ರವರಿ 2

1,800 ರೂಪಾಯಿಗೆ ಅಂಜಲ್ ಮೀನು ಬರುತ್ತಿತ್ತು ಅಣ್ಣ.

ಶಂಕರಪುರ ಮಲ್ಲಿಗೆ · ಜೂನ್ 28

ಕುಲಶೇಖರದ ಅಕ್ಕ, ಎಂತ ಆಯಿತು ಕಡೆಗೆ? ಸುದ್ದಿಯೇ ಇಲ್ಲ.

ಕುಲಶೇಖರ ಹಿತ್ತಿಲು · ಜುಲೈ 2

ಕ್ಷಮಿಸಿ, ಬರೆಯಲು ತಡವಾಯಿತು. ಮೇ ತಿಂಗಳಲ್ಲಿ ಮಗಳೇ ಬಂದು "ಕಡಿಯಿರಿ" ಅಂದಳು. ತಮಾಷೆ ಅಂದರೆ, ಆಗ ಅತ್ತೆ ಬೇಡ ಅಂದರು. ನಾಲ್ಕು ವರ್ಷ ಮಗು ಸಾಕಿದ್ದು, ಅರ್ಧ ಚಪ್ಪರ ಅದಕ್ಕೆ ಇರಲಿ ಅಂತ. ಅರ್ಧ ಇಟ್ಟರೆ ಮತ್ತೆ ಇಡೀ ಹತ್ತುತ್ತದೆ ಅಂತ ಮಗಳೇ ಅವರಿಗೆ ತಿಳಿಸಿ ಹೇಳಿದಳು. ನಾಲ್ಕು ಎಲೆ ಪುಸ್ತಕದ ನಡುವೆ ಇಟ್ಟುಕೊಂಡಿದ್ದಾಳೆ.

ಬಸಳೆ ಕಡ್ಡಿ ಪತ್ತನಾಜೆಯ ಮರುದಿನ ನೆಟ್ಟೆವು. ಮೊನ್ನೆ ಹಲಸಿನ ಬೀಜ ಹಾಕಿ ಮೊದಲ ಪದಾರ್ಥ ಆಯಿತು. ಹಳದಿ ಪ್ಯಾಶನ್ ಫ್ರೂಟ್ ಎರಡು ಬೇರೆ ಬೇರೆ ಕಡೆಯಿಂದ ತಂದು ಗೇಟಿನ ಕಮಾನಿಗೆ ಹಬ್ಬಿಸಿದ್ದೇವೆ.

ಸುರತ್ಕಲ್ಲಿನ ಅಕ್ಕ, ಪುತ್ತೂರಿನವರಿಗೆ ಹೇಳಿ. ಅಗೆದು ತೆಗೆದ ಕೀವಿ ಬೇರನ್ನು ಬಚ್ಚಲು ಮನೆಯ ಹಿಂದೆ ಹಾಕಿದ್ದೆವು. ಆ ದಿನ ಸಂಜೆಯಿಂದ ಪಕ್ಕದ ಮನೆಯ ಬೆಕ್ಕು ಅದರ ಮೇಲೆ ಬಿದ್ದು ಹೊರಳಾಡುತ್ತಿತ್ತು. ಕರೆದರೆ ಬರುವುದಿಲ್ಲ, ಓಡಿಸಿದರೆ ಹೋಗುವುದಿಲ್ಲ. ಮೂರು ದಿನ ಅವರು ಹಾಲಿನ ತಟ್ಟೆಯನ್ನು ಅಲ್ಲಿಗೇ ತಂದು ಇಟ್ಟರು.